ಜಯದೇವನ ಬುಧವಾರಗಳು

ಡಚ್ಚರ ನಾಡಿನ ಆಮರ್ಸ್‌ಫೋರ್ಟ್‌ನಲ್ಲಿ ಯಾವ ಕನ್ನಡದವರ ಮನೆಗೆ ನೆಂಟರು ಬಂದರೂ ಊರು ತೋರಿಸುವ ಕೆಲಸ ಜಯದೇವನದು. ಯಾರೂ ವಹಿಸಿದ್ದಲ್ಲ, ತಾನಾಗಿಯೇ ಹೊತ್ತುಕೊಂಡದ್ದು. ಐವತ್ತೊಂದರ ಆಸಾಮಿ, ಯುಟ್ರೆಕ್ಟ್‌ನ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರು, ಈ ದೇಶಕ್ಕೆ ಬಂದು ಹದಿನಾಲ್ಕು ವರ್ಷವಾಗಿತ್ತು. ಶನಿವಾರ ಬಂತೆಂದರೆ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಯಾರದೋ ಅತ್ತೆಮಾವಂದಿರನ್ನು ಮುಂದಿಟ್ಟುಕೊಂಡು ಹಳೇ ಊರಿನ ಕಲ್ಲುಹಾಸಿನ ಬೀದಿಗಳಿಗೆ ಹೊರಟುಬಿಡುತ್ತಿದ್ದ.

"ಓಲ್ಡನ್‌ಬಾರ್ನೆವೆಲ್ಟ್ ಅಂತ ಒಬ್ಬ ಇದ್ದ, ನಮ್ಮ ಊರಿನವನೇ," ಎಂದು ಶುರುಮಾಡುತ್ತಿದ್ದ, ಮೈಸೂರಿನ ದಿವಾನರೊಬ್ಬರ ವಿಷಯ ಹೇಳುವವನ ಹಾಗೆ. "ಮೂವತ್ತು ವರ್ಷ ಈ ದೇಶ ಕಟ್ಟಿದ. ಕೊನೆಗೆ ಅವನ ಮೇಲೇ ದ್ರೋಹದ ಆರೋಪ. ಎಪ್ಪತ್ತೊಂದನೇ ವಯಸ್ಸಲ್ಲಿ ಊರುಗೋಲು ಹಿಡ್ಕೊಂಡು ನಡ್ಕೊಂಡು ಹೋಗಿ ಕತ್ತು ಕೊಟ್ಟ."

ಕೇಳಿದವರು ಲೊಚಗುಟ್ಟುತ್ತಿದ್ದರು. ಇನ್ನೊಂದು ದಿನ ಬಿಡುವಿದ್ದರೆ ಅವರನ್ನು ರೈಲು ಹತ್ತಿಸಿ ಹೇಗ್‌ಗೆ ಕರೆದೊಯ್ಯುತ್ತಿದ್ದ. ಅಲ್ಲಿಯ ಹಳೇ ಸೆರೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಕಥೆಯೇ ಅವನ ಅಚ್ಚುಮೆಚ್ಚಿನದು. ಸಾವಿರದ ಆರುನೂರ ಎಪ್ಪತ್ತೆರಡು. ಫ್ರಾನ್ಸಿನ ರಾಜ, ಇಂಗ್ಲೆಂಡಿನ ರಾಜ, ಇಬ್ಬರು ಜರ್ಮನ್ ಬಿಷಪ್ಪುಗಳು ಎಲ್ಲರೂ ಒಟ್ಟಿಗೆ ಈ ಪುಟ್ಟ ದೇಶದ ಮೇಲೆ ಬಿದ್ದ ವರ್ಷ. ದಿಕ್ಕು ತೋಚದೆ ಒಡ್ಡಿನ ತೂಬುಗಳನ್ನು ತೆಗೆದು ತಮ್ಮದೇ ಹೊಲಗದ್ದೆ ಮುಳುಗಿಸಿ ಶತ್ರುವನ್ನು ತಡೆದರು. ಜನಕ್ಕೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು. ಅದುವರೆಗೆ ಆಡಳಿತ ನಡೆಸಿದ್ದ ಯೋಹಾನ್ ಡೆ ವಿಟ್ ಸೆರೆಯಲ್ಲಿದ್ದ ಅಣ್ಣನನ್ನು ಕರೆತರಲು ಬಂದಾಗ, ಗುಂಪು ಇಬ್ಬರನ್ನೂ ಹೊರಗೆಳೆದು ಕೊಂದು ತುಂಡು ಮಾಡಿತು. ಒಬ್ಬನ ನಾಲಿಗೆ, ಇನ್ನೊಬ್ಬನ ಬೆರಳು ಎನ್ನುವ ಎರಡು ಒಣಗಿದ ಚೂರುಗಳು ಇವತ್ತಿಗೂ ಅಲ್ಲಿಯ ಮ್ಯೂಸಿಯಮ್ಮಿನ ಗಾಜಿನೊಳಗಿವೆ. ಜಯದೇವ ನಾಲಿಗೆಯ ಮಾತಿಗೆ ಬಂದಾಗ ದನಿ ಇಳಿಸುತ್ತಿದ್ದ. ಕೇಳುವವರು ಮುಂದಕ್ಕೆ ಬಾಗುತ್ತಿದ್ದರು. ಆ ಬಾಗುವಿಕೆಯೇ ಅವನ ಸುಖ.

ಆ ಗೀಳು ಹುಟ್ಟಿದ್ದು ಇಲ್ಲಿ ಅಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿದ್ದಾಗಲೂ, ಮದುವೆಗೆ ಬಂದ ಬೀಗರನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದು ಕೋಟೆ ಬಿದ್ದ ಕಥೆ ಹೇಳುತ್ತಿದ್ದವನು ಅವನೇ. ಹೋದಲ್ಲೆಲ್ಲ ಜನ ಅವನನ್ನು 'ಇತಿಹಾಸದ ಜಯದೇವ' ಎನ್ನುತ್ತಿದ್ದರು. ಕಂಪನಿಯಲ್ಲಿ ಅವನ ಕೈಕೆಳಗಿದ್ದವರು ಮೇಲೆ ಹೋಗಿದ್ದರು, ಅವನು ಇದ್ದಲ್ಲೇ ಇದ್ದ. ಆದರೆ ಆ ಬಿರುದೊಂದು ಅವನ ಕೈಯಲ್ಲಿತ್ತು. ಡಚ್ ಭಾಷೆ ಮಾತ್ರ ಕಲಿತಿರಲಿಲ್ಲ. "ಎಲ್ಲರಿಗೂ ಇಂಗ್ಲಿಷ್ ಬರುತ್ತೆ, ಬಿಡಿ," ಎನ್ನುತ್ತಿದ್ದ. ಅವನ ಇತಿಹಾಸವೆಲ್ಲ ಇಂಗ್ಲಿಷ್ ಪುಸ್ತಕಗಳಿಂದ ಬಂದದ್ದು.

ಡಚ್ ಕಲಿತಿದ್ದವಳು ಹೆಂಡತಿ ಮೈಥಿಲಿ. ಅದೂ ಶಾಲೆಯ ಮಕ್ಕಳಿಂದ. ಮಗಳು ಇಂಚರಾಳ ಪ್ರೈಮರಿ ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದವಳು, ಮಗಳು ಹೈಸ್ಕೂಲಿಗೆ ಹೋದ ಮೇಲೂ ಬಿಟ್ಟಿರಲಿಲ್ಲ. ಆರೇಳು ವರ್ಷದ ಮಕ್ಕಳು ಅವಳ ಉಚ್ಚಾರ ತಿದ್ದಿದ್ದರು. ಗಂಡ ಕಥೆ ಹೇಳುವಾಗ ಅವಳು ಹಿಂದೆ ಬರುತ್ತಿದ್ದಳು, ನೀರಿನ ಬಾಟಲಿ, ಕೋಡುಬಳೆಯ ಡಬ್ಬಿ ಹಿಡಿದು. ದಾರಿಯಲ್ಲಿ ಬೋರ್ಡು ಓದಬೇಕಾದಾಗ ಮಾತ್ರ ಜಯದೇವ ಹಿಂದೆ ತಿರುಗಿ, "ಏನೇ ಅದು?" ಎನ್ನುತ್ತಿದ್ದ. ಅವಳು ಹೇಳುತ್ತಿದ್ದಳು. ಅದನ್ನು ಅವನು ನೆಂಟರಿಗೆ ಹೇಳುತ್ತಿದ್ದ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಎಲ್ಲ ನಿಂತಿತು. ನೆಂಟರು ಬರುವುದು ನಿಂತಿತು, ಆಫೀಸಿನ ರೈಲು ನಿಂತಿತು. ಜಯದೇವ ಮೂರನೇ ಮಹಡಿಯ ಇಳಿಜಾರು ಚಾವಣಿಯ ಕೋಣೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದ. ಇಂಚರಾ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಳು. ಶಾಲೆ ಮುಚ್ಚಿದ್ದರಿಂದ ಮೈಥಿಲಿಗೆ ಕೆಲಸವಿರಲಿಲ್ಲ. ಎರಡು ವಾರ ಕಪಾಟು ಒರೆಸಿದಳು. ಮೂರನೇ ವಾರ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕುಳಿತಳು.

ಊರಿನ ಇತಿಹಾಸದ ಕೂಟವೊಂದಿತ್ತು, ಹೆಚ್ಚಿನವರು ನಿವೃತ್ತರು. ಸಾವಿರದ ಆರುನೂರ ಎಪ್ಪತ್ತೆರಡರ ಆ ಕೆಟ್ಟ ವರ್ಷಕ್ಕೆ ಮುನ್ನೂರೈವತ್ತು ತುಂಬುವ ಹೊತ್ತಿಗೆ, ಅಂದರೆ ಇನ್ನೆರಡು ವರ್ಷದಲ್ಲಿ, ಊರಿನ ಹಳೇ ಕಾಗದಗಳನ್ನೆಲ್ಲ ಓದಿ ಒಂದು ಸಣ್ಣ ಪುಸ್ತಕ ತರಬೇಕೆಂದು ಅವರ ಆಸೆ. ಆಗ ಆಮರ್ಸ್‌ಫೋರ್ಟ್ ಮುಳುಗಿಸಿದ ಹೊಲಗಳ ಆಚೆ ಬದಿಗೆ ಉಳಿದು ಫ್ರೆಂಚರ ಕೈಗೆ ಸಿಕ್ಕಿತ್ತು. ಊರಿನವರು ನೀರಿನಾಚೆಯ ಬಂಧುಗಳಿಗೆ ಬರೆದ ಎಷ್ಟೋ ಪತ್ರಗಳು ಹೋಗಲಾರದೆ ಇಲ್ಲೇ ಉಳಿದಿದ್ದವು. ಅವುಗಳ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹಾಕಿ, ಮನೆಯಲ್ಲಿ ಕೂತವರು ಯಾರಾದರೂ ಓದಿಕೊಡುತ್ತೀರಾ ಎಂದು ಕೂಟದವರು ಕೇಳಿದ್ದರು.

ಜಯದೇವ ಟೀ ಕುಡಿಯಲು ಕೆಳಗಿಳಿದವನು ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. ಕಂದು ಕಾಗದದ ಮೇಲೆ ಇರುವೆ ಸಾಲಿನ ಹಾಗೆ ಏನೋ ಹರಿದಿತ್ತು.

"ಇದನ್ನ ಡಚ್ಚರಿಗೇ ಓದೋಕಾಗಲ್ಲ. ನೀನು ಓದ್ತೀಯಾ?"

"ನೋಡೋಣ ಅಂತ," ಎಂದಳು ಮೈಥಿಲಿ. "ಅಪ್ಪ ಪತ್ರ ಬರೀತಿದ್ರಲ್ಲ."

ಅವಳ ತಂದೆ ನಂಜನಗೂಡಿನ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಕ್ರಯಪತ್ರ, ಭಾಗಪತ್ರ ಬರೆದುಕೊಡುತ್ತಿದ್ದವರು. ಕಣ್ಣು ಮಂಜಾದ ಮೇಲೆ ಹಳೇ ಪತ್ರಗಳ ಮೋಡಿ ಅಕ್ಷರವನ್ನು ಮಗಳಿಂದ ಓದಿಸುತ್ತಿದ್ದರು. 'ಅಕ್ಷರ ಓದಬೇಡ, ಕೈ ಓದು. ಯಾವ ಅಕ್ಷರಕ್ಕೆ ಈ ಕೈ ಸೋಮಾರಿ ಆಗುತ್ತೆ, ಎಲ್ಲಿ ಅವಸರ ಮಾಡುತ್ತೆ ನೋಡು' ಎಂದು ಹೇಳಿಕೊಟ್ಟಿದ್ದರು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಜಯದೇವ ಇದನ್ನು ಕೇಳಿರಲಿಲ್ಲ. ಕೇಳಿದ್ದನೋ ಏನೋ, ನೆನಪಿರಲಿಲ್ಲ. ನಕ್ಕು ಟೀ ತೆಗೆದುಕೊಂಡು ಮೇಲೆ ಹೋದ.

ಮೇ ತಿಂಗಳ ಹೊತ್ತಿಗೆ ನಗು ನಿಂತಿತ್ತು. ಕೂಟದ ಹಿರಿಯ ಫೆಲ್ಡ್‌ಕಾಂಪ್ ಎಂಬವರು ಪ್ರತಿ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಮೈಥಿಲಿಗೆ ಫೋನ್ ಮಾಡಲು ಶುರುಮಾಡಿದ್ದರು. ವಾರದಲ್ಲಿ ಅವಳು ಓದಿದ ಪುಟಗಳನ್ನು ಇಬ್ಬರೂ ಪದಪದವಾಗಿ ನೋಡುತ್ತಿದ್ದರು. ಫೋನ್ ಮೇಜಿನ ಮೇಲೆ, ಸ್ಪೀಕರ್ ಹಾಕಿಕೊಂಡು. ಮರದ ಮೆಟ್ಟಿಲಿನ ಡಚ್ ಮನೆಯಲ್ಲಿ ಕೆಳಗಿನ ಮಾತೆಲ್ಲ ಮೇಲಕ್ಕೆ ಹೊಗೆಯಂತೆ ಏರುತ್ತದೆ. ಗಂಟಲಿನಿಂದ ಕೆರೆದು ಬರುವ ಮುದಿ ದನಿ, ಅದಕ್ಕೆ ಮೈಥಿಲಿಯ ಉತ್ತರ. ಡಚ್ಚಿನಲ್ಲಿ ಅವಳ ದನಿಯೇ ಬೇರೆ ಇತ್ತು, ಒಂದು ಸ್ವರ ಮೇಲೆ, ಒಂದಿಷ್ಟು ದಿಟ್ಟ. ಒಂದು ಬುಧವಾರ ಅವಳು ನಕ್ಕಳು. ತಡೆಯಲಾರದೆ, ಉಸಿರುಗಟ್ಟಿ, ಮೇಜು ತಟ್ಟಿಕೊಂಡು ನಕ್ಕಳು. ಆ ಮುದುಕನೂ ನಗುತ್ತಿದ್ದ.

ಜಯದೇವ ಮೀಟಿಂಗಿನಲ್ಲಿದ್ದ. ಯಾರೋ ಏನೋ ಕೇಳುತ್ತಿದ್ದರು. ಅವನಿಗೆ ಕೇಳಿಸಲಿಲ್ಲ. ತನ್ನ ಮನೆಯಲ್ಲೇ, ತನ್ನ ಹೆಂಡತಿಯೇ, ತನಗೆ ತಿಳಿಯದ ಭಾಷೆಯಲ್ಲಿ ನಗುತ್ತಿದ್ದಾಳೆ ಎನ್ನುವುದೊಂದೇ ತಲೆಯಲ್ಲಿ ಸುತ್ತಿತು. ತಾನು ಅವಳನ್ನು ಹಾಗೆ ನಗಿಸಿದ್ದು ಯಾವಾಗ ಎಂದು ಹುಡುಕಿದ. ಸಿಗಲಿಲ್ಲ.

ಊಟಕ್ಕೆ ಇಳಿದಾಗ ಕೇಳಿದ, "ಏನೋ ಬಹಳ ನಗು ಇತ್ತಲ್ಲ?"

"ಅಯ್ಯೋ, ಅದು ಡಚ್ಚಲ್ಲೇ ನಗು ಬರೋದು ರೀ. ಕನ್ನಡಕ್ಕೆ ತಂದ್ರೆ ಚಪ್ಪೆ," ಎಂದಳು ಅವಳು, ಸಾರಿಗೆ ಒಗ್ಗರಣೆ ಹಾಕುತ್ತ.

ಚಪ್ಪೆಯಾಗಿದ್ದರೂ ಹೇಳಬಹುದಿತ್ತು ಎಂದುಕೊಂಡ. ಸಂಜೆ ಮಗಳನ್ನು ಕೇಳಿದ, "ಅಮ್ಮ ಆ ತಾತನ ಜೊತೆ ಏನು ಮಾತಾಡ್ತಾಳೆ?"

ಇಂಚರಾ ಫೋನಿನಿಂದ ತಲೆ ಎತ್ತಲಿಲ್ಲ. "ಜಸ್ಟ್ ವರ್ಡ್ಸ್, ಅಪ್ಪ."

"ಏನು ವರ್ಡ್ಸ್?"

"ಓಲ್ಡ್ ವರ್ಡ್ಸ್."

ಹದಿನೈದರ ಹುಡುಗಿ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಮುಂದಿನ ಬುಧವಾರ ಹನ್ನೊಂದಕ್ಕೆ ಜಯದೇವ ನೀರು ಕುಡಿಯಲು ಕೆಳಗಿಳಿದ. ಅದರ ಮುಂದಿನ ಬುಧವಾರ ಚಾರ್ಜರ್ ಹುಡುಕಲು. ಅವನು ಬಂದಾಗ ಮೈಥಿಲಿ ಕೈಯೆತ್ತಿ, ಒಂದು ನಿಮಿಷ ಎಂದು ಸನ್ನೆ ಮಾಡುತ್ತಿದ್ದಳು. ಆ ಕೈ, ಕಥೆ ಹೇಳುವಾಗ ಅಡ್ಡಬಂದ ನೆಂಟರಿಗೆ ಅವನು ತೋರಿಸುತ್ತಿದ್ದ ಕೈ.

ಇಷ್ಟರಲ್ಲಿ ಕನ್ನಡದವರ ಗುಂಪಿನಲ್ಲಿ ಚೇತನ್ ಎಂಬ ಉತ್ಸಾಹಿ ಹುಡುಗ ಶನಿವಾರ ಸಂಜೆ ನಾಲ್ಕಕ್ಕೆ ಝೂಮ್ ಹರಟೆ ಏರ್ಪಡಿಸಿದ್ದ. ರೈಸ್‌ವೈಕ್, ಯುಟ್ರೆಕ್ಟ್, ಎಲ್ಲ ಕಡೆಯಿಂದ ಐವತ್ತು ಅರವತ್ತು ಮನೆಯವರು ಸೇರುತ್ತಿದ್ದರು. ಮೊದಲ ಮೂರು ವಾರ ಜಯದೇವನದೇ. ಡೆ ವಿಟ್ ಸಹೋದರರ ಕಥೆ ಹೇಳಿದ ದಿನ ಚಪ್ಪಾಳೆಯ ಚಿಹ್ನೆಗಳು ಪರದೆಯ ತುಂಬ ತೇಲಿದವು. ನಾಲ್ಕನೇ ವಾರ ಚೇತನ್, "ಮೈಥಿಲಿ ಮೇಡಂ ಹಳೇ ಕಾಗದ ಓದ್ತಾರಂತಲ್ಲ, ಒಂದು ಇಪ್ಪತ್ತು ನಿಮಿಷ ಹೇಳಲಿ" ಎಂದ. ಜಯದೇವನೇ ಹೆಂಡತಿಯನ್ನು ಹುರಿದುಂಬಿಸಿದ. ಅವಳು ತಡವರಿಸುತ್ತಾಳೆ, ಆಗ ತಾನು ಪಕ್ಕದಿಂದ ಎತ್ತಿಕೊಡಬಹುದು ಎಂದು ಕುರ್ಚಿ ಎಳೆದುಕೊಂಡು ಕುಳಿತ.

ಅವಳು ತಡವರಿಸಲಿಲ್ಲ. ರಾಜರ ಹೆಸರೇ ಎತ್ತಲಿಲ್ಲ. ಒಂದು ಮನೆಯ ಮೂವರು ಮಕ್ಕಳು ಫ್ರೆಂಚ್ ಸಿಪಾಯಿಗಳಿಗೆ ತಮ್ಮ ಹಾಸಿಗೆ ಬಿಟ್ಟುಕೊಟ್ಟು ಅಟ್ಟದಲ್ಲಿ ಮಲಗಿದ್ದನ್ನು ಹೇಳಿದಳು. ಸಿಪಾಯಿಗಳು ಉರಿಸಲು ಏನೂ ಸಿಗದೆ ಬಾಗಿಲು ಕಿತ್ತರು, ಆಮೇಲೆ ತೊಟ್ಟಿಲು. 'ತೊಟ್ಟಿಲು ಖಾಲಿಯೇ ಇತ್ತು' ಎಂದು ಆ ತಾಯಿ ಬರೆದಿದ್ದಾಳೆ, ಆ ವರ್ಷ ಅದು ಯಾಕೆ ಖಾಲಿ ಎಂದು ಬರೆದಿಲ್ಲ, ಎಂದು ಹೇಳಿ ಮೈಥಿಲಿ ನಿಲ್ಲಿಸಿದಳು. ಪರದೆಯ ಐವತ್ತೆಂಟು ಕಿಟಕಿಗಳಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ರೈಸ್‌ವೈಕಿನಲ್ಲಿ ಮಗನ ಮನೆಗೆಂದು ಬಂದು ವಿಮಾನವಿಲ್ಲದೆ ಸಿಕ್ಕಿಬಿದ್ದಿದ್ದ ಇಂದಿರಮ್ಮನವರು ಕನ್ನಡಕ ತೆಗೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಎಷ್ಟು ಚೆನ್ನಾಗಿ ಹೇಳ್ದೆಯಮ್ಮ," ಎಂದರು. "ನಮ್ಮನೇಲೇ ನಡೆದ ಹಾಗಿತ್ತು."

ಮುಂದಿನ ವಾರ ಚೇತನ್ ಜಯದೇವನನ್ನು ಕರೆದದ್ದು ಹೀಗೆ: "ಈಗ ಮೈಥಿಲಿ ಮೇಡಂ ಅವರ ಯಜಮಾನರು ಮಾತಾಡ್ತಾರೆ."

ಹೊಟ್ಟೆಕಿಚ್ಚು ಎನ್ನುವುದು ಬರಿಯ ಮಾತಲ್ಲ ಎಂದು ಜಯದೇವನಿಗೆ ಆ ಬೇಸಿಗೆಯಲ್ಲಿ ತಿಳಿಯಿತು. ಅದು ನಿಜವಾಗಿಯೂ ಹೊಟ್ಟೆಯಲ್ಲೇ, ಎದೆಗೂಡಿನ ಕೆಳಗೆ, ಬೂದಿ ಮುಚ್ಚಿದ ಕೆಂಡದ ಹಾಗೆ ಕೂರುತ್ತದೆ. ಅವಳು ಚೆನ್ನಾಗಿ ಉಪ್ಪಿಟ್ಟು ಮಾಡಿದರೆ, ಜನ ಅದನ್ನು ಹೊಗಳಿದರೆ, ಅವನಿಗೇನೂ ಆಗುತ್ತಿರಲಿಲ್ಲ. ಆದರೆ ಇತಿಹಾಸ ಅವನ ಹೊಲ. ಬೇಲಿ ಹಾಕಿ ಇಟ್ಟುಕೊಂಡಿದ್ದ. ಅವಳು ಬೇಲಿ ಮುರಿದು ಬರಲೂ ಇಲ್ಲ. ಕೋಡುಬಳೆ ಡಬ್ಬಿ ಹಿಡಿದು ಹಿಂದೆ ಬರುತ್ತಿದ್ದವಳು ಯಾವುದೋ ಕಾಲುದಾರಿಯಲ್ಲಿ ಒಳಗೆ ಬಂದು, ನಡುವೆ ನಿಂತಿದ್ದಳು. ಅದು ಅವಳಿಗೆ ಗೊತ್ತೇ ಇರಲಿಲ್ಲ ಎನ್ನುವುದೇ ಅವನನ್ನು ಇನ್ನಷ್ಟು ಸುಟ್ಟಿತು.

ನವೆಂಬರಿನಲ್ಲಿ ಮತ್ತೆ ಅವನ ಸರದಿ ಬಂತು. ಹೇಳಲು ಹೊಸದೇನೂ ಇರಲಿಲ್ಲ. ಒಂದು ಮಧ್ಯಾಹ್ನ ಮೈಥಿಲಿ ತರಕಾರಿಗೆಂದು ಸೈಕಲ್ ಹತ್ತಿ ಹೋದಾಗ ಅವಳ ಕಂಪ್ಯೂಟರ್ ಮೇಜಿನ ಮೇಲೆ ತೆರೆದೇ ಇತ್ತು. ಓದಿ ಮುಗಿಸಿ, ಇನ್ನೂ ಯಾರಿಗೂ ಹೇಳದ ಪತ್ರವೊಂದು ಅಲ್ಲಿತ್ತು. ಗ್ರೀಟ್ಯ ಎಂಬ ಹೆಂಗಸು, ಬಿಯರ್ ಮಾಡುವವನೊಬ್ಬನ ವಿಧವೆ, ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ ತಂಗಿಗೆ ಬರೆದದ್ದು. ಜಯದೇವ ಅದರ ನಕಲು ತೆಗೆದುಕೊಂಡು ಮೇಲೆ ಹೋಗಿ ಅನುವಾದ ಮಾಡುವ ಯಂತ್ರಕ್ಕೆ ಹಾಕಿದ. ಹರಕುಮುರುಕು ಇಂಗ್ಲಿಷ್ ಹೊರಬಂತು. 'ಫ್ರೆಂಚಿನವನು ನನ್ನ ಮೇಜಿನಲ್ಲಿ ಉಣ್ಣುತ್ತಾನೆ' ಎಂದಿತ್ತು. ಕೊನೆಯಲ್ಲಿ, 'ನಾನು ಕೆಟ್ಟ ಹೆಂಗಸು, ತಂಗಿ, ನನ್ನನ್ನು ಕ್ಷಮಿಸು' ಎಂದಿತ್ತು.

ಅಷ್ಟು ಸಾಕಾಯಿತು. ಉಳಿದದ್ದನ್ನು ಅವನ ತಲೆ ತಾನೇ ಬೆಳೆಸಿತು.

ಶನಿವಾರ ಅವನು ಮೇಲಿನ ಕೋಣೆಯಲ್ಲಿ ಕುಳಿತು ಹೇಳಿದ. ಕೆಳಗೆ ಅಡುಗೆಮನೆಯಲ್ಲಿ ಮೈಥಿಲಿಯೂ ಫೋನಿನಲ್ಲಿ ಸೇರಿದ್ದಳು, ಕ್ಯಾಮೆರಾ ಹಾಕಿರಲಿಲ್ಲ, ಕಪ್ಪು ಚೌಕದಲ್ಲಿ ಹೆಸರು ಮಾತ್ರ. "ನನಗೆ ಸಿಕ್ಕಿದ ಒಂದು ಕಾಗದ," ಎಂದು ಶುರುಮಾಡಿದ. ಎಳೆಯ ವಿಧವೆ, ಅವಳ ಮನೆಗೆ ಬಂದಿಳಿದ ಫ್ರೆಂಚ್ ಸಿಪಾಯಿ, ಒಂದೇ ಮೇಜಿನ ಊಟ. ದನಿ ಇಳಿಸಿದ. ಕಿಟಕಿಗಳಲ್ಲಿ ಜನ ಮುಂದಕ್ಕೆ ಬಾಗಿದರು. ಎಷ್ಟು ತಿಂಗಳ ಮೇಲೆ ಬಾಗಿದರು. ಅವನು ಇನ್ನಷ್ಟು ಸೇರಿಸಿದ. ಊರೆಲ್ಲ ಹಸಿದಿದ್ದಾಗ ಶತ್ರುವಿನ ತೋಳಿಗೆ ಬಿದ್ದವಳು ಕೊನೆಗೆ ತಂಗಿಯ ಮುಂದೆ ತಪ್ಪೊಪ್ಪಿಕೊಂಡಳು ಎಂದು ಹೇಳಿ, "ನಾನು ಕೆಟ್ಟ ಹೆಂಗಸು" ಎಂಬ ಮಾತನ್ನು ಡಚ್ಚಿನಲ್ಲೂ ಒಮ್ಮೆ ಓದಿ ಮುಗಿಸಿದ.

ಚಪ್ಪಾಳೆ ತೇಲಿತು. ಒಂದು ಕೈ ಮೇಲೆದ್ದಿತ್ತು. ಸಮೀಕ್ಷಾ, ಧಾರವಾಡದ ಹುಡುಗಿ, ಯುಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಹಳೇ ಕಾಲದ ಒಡ್ಡು ಕಾಲುವೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು.

"ಸರ್, ಒಂದ್ ಸಣ್ಣ ಡೌಟ್ ರೀ. ಆಕಿ 'ಸ್ಲೆಖ್ಟ್' ಅಂತ ಬರದಾಳಲ್ರೀ, ಅದು ಈಗಿನ ಡಚ್ಚಿನಾಗ ಕೆಟ್ಟ ಅಂತ ಆಗ್ತದ. ಆದ್ರ ಆ ಕಾಲದಾಗ ಹಂಗಲ್ರೀ. ನಾ ನೋಡಿದ ಕಾಗದದಾಗೆಲ್ಲ ಅದಕ್ಕ ಸಾದಾ, ಸರಳ ಅಂತ ಅರ್ಥ. ಅಂದ್ರ ಆಕಿ, ನಾ ಸಾದಾ ಹೆಣ್ಮಗಳು, ಬರಿಯೂದ್ರಾಗ ತಪ್ಪಾಗಿದ್ರ ಕ್ಷಮಿಸು ಅಂದಿರಬೇಕು. ಫ್ರೆಂಚಿನಾಂವ ಊಟ ಮಾಡೂದೂ ಎಲ್ಲಾರ ಮನ್ಯಾಗ ಇತ್ತಲ್ರೀ, ಒತ್ತಾಯದ ಮ್ಯಾಲೆ ಇಟ್ಟಿದ್ರು."

"ಕಥೆ ಅಂದ್ಮೇಲೆ ಸ್ವಲ್ಪ ಉಪ್ಪು ಖಾರ ಬೇಕಲ್ಲಮ್ಮ," ಎಂದು ಜಯದೇವ ನಕ್ಕ. ಕೆಲವರು ನಕ್ಕರು. ಆ ನಗುವಿನ ನಡುವೆ ಪರದೆಯ ಮೂಲೆಯಲ್ಲಿದ್ದ ಕಪ್ಪು ಚೌಕ ಇಲ್ಲವಾಯಿತು. ಕೆಳಗೆ ಕುರ್ಚಿ ಸರಿದ ಸದ್ದು ಕೇಳಿಸಿತು.

ಅವನು ಇಳಿಯುವ ಹೊತ್ತಿಗೆ ಮೈಥಿಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಅವನೇ ಮಾತು ತೆಗೆದ.

"ನಿನ್ನ ಹೆಸರು ಹೇಳಬೇಕಿತ್ತು. ಮರೆತುಹೋಯ್ತು."

"ಹೆಸರು ಹೇಳದಿದ್ರೂ ನಡೀತಿತ್ತು," ಎಂದಳು. "ಅವಳನ್ನ ಯಾಕೆ ಕೆಟ್ಟವಳು ಮಾಡಿದ್ರಿ?"

"ಯಂತ್ರ ಹಾಗೆ ತೋರಿಸ್ತು."

"ತೋಳಿಗೆ ಬಿದ್ದಳು ಅಂತಾನೂ ಯಂತ್ರ ತೋರಿಸ್ತಾ?"

"ಸತ್ತು ಮುನ್ನೂರೈವತ್ತು ವರ್ಷ ಆಗಿದೆ ಮೈಥಿಲಿ, ಈಗ ಯಾರಿಗೆ ಏನಾಗಬೇಕು?" ಎಂದ.

"ಅದಕ್ಕೇ ಹೇಳ್ತಿರೋದು. ಅವಳು ಬಂದು ಹಾಗಲ್ಲ ಅನ್ನೋಕಾಗಲ್ಲ." ಚಾಕು ಕೆಳಗಿಟ್ಟಳು. "ಮೂರು ವಾರ ಕೂತು ಓದಿದೀನಿ ಅವಳ ಕೈನ. ಕಾಗದ ಸಾಲದು ಅಂತ ಅಂಚಲ್ಲೆಲ್ಲ ಬರ್ದಿದಾಳೆ. ಎಳೆ ವಿಧವೆನೂ ಅಲ್ಲ, ಮೊಮ್ಮಗಳು ಇದ್ದವಳು. ಸಾದಾ ಹೆಂಗಸು ಅಂತ ತನ್ನ ಬಾಯಲ್ಲೇ ಹೇಳ್ಕೊಂಡಿದ್ದನ್ನ ನೀವು ಅರವತ್ತು ಜನರ ಮುಂದೆ..."

ತಪ್ಪಾಯಿತು ಎನ್ನಬಹುದಾಗಿದ್ದ ಗಳಿಗೆ ಅದು. ಜಯದೇವನ ಬಾಯಿಂದ ಬಂದದ್ದು ಬೇರೆಯೇ.

"ಆ ಮುದುಕನ ಜೊತೆ ಅಷ್ಟೊಂದು ಏನು ನಗ್ತೀಯ ನೀನು?"

ಮೈಥಿಲಿ ಅವನನ್ನು ನೋಡಿದಳು. ಇಷ್ಟು ತಿಂಗಳು ಬುಧವಾರ ಹನ್ನೊಂದಕ್ಕೆ ನೀರು, ಚಾರ್ಜರ್, ಕನ್ನಡಕದ ಬಟ್ಟೆ ಎಂದು ಇಳಿದು ಬರುತ್ತಿದ್ದವನು ಯಾಕೆ ಬರುತ್ತಿದ್ದನೆಂದು ಅವಳ ಮುಖದಲ್ಲಿ ಒಂದೊಂದಾಗಿ ಕೂಡಿಕೊಂಡಿತು.

"ಕಾಸ್ ಅಂದ್ರೆ ಚೀಸು," ಎಂದಳು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ. "ಕೌಸ್ ಅಂದ್ರೆ ಕಾಲುಚೀಲ. ಆ ಕೈಯಲ್ಲಿ ಎರಡೂ ಒಂದೇ ಥರ ಕಾಣುತ್ತೆ. ನಾನು, ಸಿಪಾಯಿಗಳು ವಾರದಲ್ಲಿ ಹನ್ನೆರಡು ಕಾಲುಚೀಲ ತಿಂದರು ಅಂತ ಓದಿದ್ದೆ. ಆಮೇಲೆ ಫೆಲ್ಡ್‌ಕಾಂಪ್ ಅವರು, ಉಪ್ಪು ಹಾಕಿದ್ರೋ ಇಲ್ವೋ ಅಂತ ಕೇಳಿದ್ರು. ಅದಕ್ಕೆ ನಗು."

ಅವಳು ನಗಲಿಲ್ಲ. ಅವನಿಗೂ ನಗು ಬರಲಿಲ್ಲ. ಹುರುಳಿಕಾಯಿ ಬಾಣಲೆಗೆ ಬಿತ್ತು.

"ಮುಂದಿನ ಶನಿವಾರ ನೀವೇ ಹೇಳಬೇಕು," ಎಂದಳು ಬೆನ್ನು ತಿರುಗಿಸಿ. "ನನ್ನ ವಿಷಯ ಬೇಡ. ಅವಳ ವಿಷಯ."

ಆ ವಾರ ಮನೆಯಲ್ಲಿ ಊಟ ತಿಂಡಿಗೇನೂ ಕೊರತೆಯಿರಲಿಲ್ಲ, ಮಾತು ಮಾತ್ರ ಅಳೆದು ಬಡಿಸಿದಂತಿತ್ತು. ಬುಧವಾರ ಫೋನ್ ಬಂದಾಗ ಮೈಥಿಲಿ ಸ್ಪೀಕರ್ ಹಾಕಲಿಲ್ಲ. ಫೋನನ್ನು ಕಿವಿಗಿಟ್ಟುಕೊಂಡು ಹಿತ್ತಲಿಗೆ ಹೋಗಿ, ಕೋಟು ಹಾಕಿಕೊಂಡು ಚಳಿಯಲ್ಲಿ ನಿಂತು ಮಾತಾಡಿದಳು. ಜಯದೇವ ಮೇಲಿನ ಕಿಟಕಿಯಿಂದ ನೋಡಿದ. ಅವಳನ್ನು ಅಲ್ಲಿಗೆ ದೂಡಿದವನು ತಾನು ಎಂದು ಗೊತ್ತಿತ್ತು. ಆದರೂ ಆ ಫೋನಿನ ಮೇಲೆ ಕಿಚ್ಚು ಹತ್ತಿತು. ತನ್ನ ಮೇಲೆ ತನಗೆ ಹೇಸಿಗೆಯಾಯಿತು, ಕಿಚ್ಚು ಆರಲಿಲ್ಲ. ಎರಡೂ ಒಟ್ಟಿಗೇ ಇರಬಲ್ಲವು ಎಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ.

ಶನಿವಾರ ಅವನು ಮೂರು ನಿಮಿಷ ಮಾತಾಡಿದ. ಕಳೆದ ವಾರ ಹೇಳಿದ ಕಥೆಯಲ್ಲಿ ಫ್ರೆಂಚಿನವನ ತೋಳು, ತಪ್ಪೊಪ್ಪಿಗೆ ಎಲ್ಲ ನಾನು ಕಟ್ಟಿದ್ದು, ಆ ಪತ್ರ ನನಗೆ ಸಿಕ್ಕಿದ್ದಲ್ಲ, ಮೈಥಿಲಿ ಓದಿದ್ದು, ನಾನು ಕೇಳದೆ ತೆಗೆದುಕೊಂಡೆ, ಸಮೀಕ್ಷಾ ಹೇಳಿದ್ದೇ ಸರಿ, ಎಂದ. ದನಿ ಇಳಿಸಬೇಕೆಂದು ಇಳಿಸಲಿಲ್ಲ, ತಾನೇ ಇಳಿದಿತ್ತು. ಯಾರೂ ಮುಂದಕ್ಕೆ ಬಾಗಲಿಲ್ಲ. ಹೆಚ್ಚಿನವರು ಬೇರೆ ಕಡೆ ನೋಡಿದರು, ಯಾರದೋ ಮನೆಯ ಜಗಳಕ್ಕೆ ಸಿಕ್ಕಿಕೊಂಡವರ ಹಾಗೆ. ಚೇತನ್ ಏನು ಹೇಳಬೇಕೋ ತಿಳಿಯದೆ, "ಥ್ಯಾಂಕ್ಯೂ ಸರ್, ತುಂಬಾ ಇನ್ಫರ್ಮೇಟಿವ್ ಆಗಿತ್ತು," ಎಂದ. ಆಮೇಲೆ ಮೈಥಿಲಿ ಪತ್ರ ಓದಿದಳು. ಅರ್ಧ ಪುಟ. ಸಿಪಾಯಿಗೆ ಹಲ್ಲುನೋವು, ಅದಕ್ಕೆ ಲವಂಗ ಕೊಟ್ಟೆ, ಶತ್ರುವಿಗೆ ಲವಂಗ ಕೊಡುವುದು ಪಾಪವೋ ಏನೋ ಪಾದ್ರಿಯನ್ನು ಕೇಳಿಲ್ಲ, ನೀರು ಇಳಿದರೆ ಬಂದು ಹೋಗು, ನಾನು ಸಾದಾ ಹೆಂಗಸು, ಇದಕ್ಕಿಂತ ಚೆನ್ನಾಗಿ ಬರೆಯಲು ಬಾರದು. ಇಂದಿರಮ್ಮನವರು ಮತ್ತೆ ಕನ್ನಡಕ ತೆಗೆದರು.

ಚಳಿಗಾಲದಲ್ಲಿ ಲಾಕ್‌ಡೌನ್ ಬಿಗಿಯಾಯಿತು, ರಾತ್ರಿ ಕರ್ಫ್ಯೂ ಬಂತು. ಜನವರಿಯಲ್ಲಿ ಜಯದೇವ ಯಾರಿಗೂ ಹೇಳದೆ ಆನ್‌ಲೈನಿನಲ್ಲಿ ಡಚ್ ಪಾಠಕ್ಕೆ ಸೇರಿದ. ಪಶ್ಚಾತ್ತಾಪದಿಂದ ಸೇರಿದ ಎಂದರೆ ಕೇಳಲು ಚೆಂದ. ನಿಜವೆಂದರೆ, ಬುಧವಾರ ಅವರೇನು ಮಾತಾಡುತ್ತಾರೆಂದು ತಿಳಿಯಲು ಸೇರಿದ. ಏಪ್ರಿಲ್ ಹೊತ್ತಿಗೆ ಮೈಥಿಲಿ ಮತ್ತೆ ಮೇಜಿಗೆ ಬಂದಿದ್ದಳು, ಸ್ಪೀಕರ್ ಕೂಡ ಬಂದಿತ್ತು. ಒಂದು ಬುಧವಾರ ಮೆಟ್ಟಿಲ ಮೇಲೆ ಕಾಲಿಟ್ಟಾಗ ಮುದುಕನ ಒಂದು ಪೂರ್ತಿ ವಾಕ್ಯ ಅವನಿಗೆ ಅರ್ಥವಾಯಿತು. "ನನ್ನ ಎಡ ಮೊಣಕಾಲು ಬಲ ಮೊಣಕಾಲಿಗಿಂತ ಹೆಚ್ಚು ನೋಯುತ್ತದೆ." ಮುಂದಿನದೂ ಅರ್ಥವಾಯಿತು. "ಮಳೆ ಬರುವ ಮುನ್ನ." ಜಯದೇವ ಮೆಟ್ಟಿಲ ಮೇಲೆಯೇ ಕುಳಿತ. ಒಂದು ವರ್ಷ ತಾನು ಹೊಟ್ಟೆ ಉರಿಸಿಕೊಂಡದ್ದು ಇಂಥ ಮೊಣಕಾಲಿನ ಮೇಲೆ.

ಎರಡು ಸಾವಿರದ ಇಪ್ಪತ್ತೆರಡರ ಜೂನಿನಲ್ಲಿ, ಮಾಸ್ಕುಗಳೆಲ್ಲ ಡ್ರಾಯರು ಸೇರಿದ ಮೇಲೆ, ಕೂಟದವರು ಹಳೇ ಊರಿನ ಒಂದು ಸಭಾಂಗಣದಲ್ಲಿ ಪುಸ್ತಕ ಬಿಡುಗಡೆ ಇಟ್ಟುಕೊಂಡರು. ತೊಂಬತ್ತು ಪುಟದ ಪುಸ್ತಕ. ಓದಿದವರ ಪಟ್ಟಿಯಲ್ಲಿ ಹನ್ನೊಂದು ಹೆಸರು, ಅದರಲ್ಲಿ ಡಚ್ಚಲ್ಲದ್ದು ಒಂದೇ. ಮೈಥಿಲಿ ಇಳಕಲ್ ಸೀರೆ ಉಟ್ಟು ವೇದಿಕೆಯ ಮೇಲೆ ಗ್ರೀಟ್ಯಳ ಪತ್ರವನ್ನು ಹಳೇ ಡಚ್ಚಿನಲ್ಲೇ ಓದಿದಳು. ಜಯದೇವ ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಮುಕ್ಕಾಲು ಪಾಲು ತಿಳಿಯಿತು.

ಮುಗಿದ ಮೇಲೆ ಅಂಗಳದ ಬೆಂಚಿನ ಮೇಲೆ ಕುಳಿತಿದ್ದಾಗ, ಚಕ್ರದ ವಾಕರ್ ತಳ್ಳಿಕೊಂಡು ಎತ್ತರದ ಮುದುಕರೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಎಂಬತ್ತರ ಮೇಲೆ. ಕಿವಿಯಲ್ಲಿ ಯಂತ್ರ, ಸ್ವೆಟರಿನ ಮೊಣಕೈಗೆ ತೇಪೆ. ಬಾಯಿ ತೆರೆದ ಕೂಡಲೇ ಜಯದೇವನಿಗೆ ಗುರುತು ಸಿಕ್ಕಿತು. ಎರಡು ವರ್ಷ ಮೆಟ್ಟಿಲೇರಿ ಬಂದ ದನಿ.

"ನೀವು ಗಂಡ," ಎಂದರು ಫೆಲ್ಡ್‌ಕಾಂಪ್, ಡಚ್ಚಿನಲ್ಲೇ, ಬಿಡಿಸಿ ಬಿಡಿಸಿ.

"ಹೌದು."

"ನಾನು ಇಪ್ಪತ್ತಾರು ವರ್ಷದಿಂದ ಈ ಕೂಟದಲ್ಲಿದ್ದೇನೆ. ಹಳೇ ಕೈಬರಹ ಓದುವುದರಲ್ಲಿ ನಾನೇ ಮೊದಲು. ಎಲ್ಲರೂ ನನ್ನ ಹತ್ತಿರವೇ ಬರುತ್ತಿದ್ದರು." ವಾಕರಿನ ಹಿಡಿಕೆ ಸವರಿದರು. "ನಿಮ್ಮ ಹೆಂಡತಿ ಬಂದ ಆರೇ ತಿಂಗಳಲ್ಲಿ ನಾನು ಎರಡನೆಯವನಾದೆ. ನನಗೆ ಹೊಟ್ಟೆಕಿಚ್ಚು. ಬಹಳ ಹೊಟ್ಟೆಕಿಚ್ಚು."

ಹವೆಯ ವಿಷಯ ಹೇಳಿದಷ್ಟೇ ಸಲೀಸಾಗಿ ಹೇಳಿದರು. ಜಯದೇವ ಬೆರಗಾಗಿ ಅವರನ್ನು ನೋಡಿದ. ತಾನು ಎರಡು ವರ್ಷ ಎದೆಗೂಡಿನ ಕೆಳಗೆ ಮುಚ್ಚಿಟ್ಟದ್ದನ್ನು ಈ ಮನುಷ್ಯ ಬಿಸಿಲಲ್ಲಿ ಕುಳಿತು ಒಂದೇ ವಾಕ್ಯದಲ್ಲಿ ಮುಗಿಸಿದ್ದರು. ಅದರ ಮೇಲೂ ಅವನಿಗೆ ಒಂದಿಷ್ಟು ಹೊಟ್ಟೆಕಿಚ್ಚಾಯಿತು.

"ನನಗೂ," ಎಂದ, ಡಚ್ಚಿನಲ್ಲಿ. ಹೆಚ್ಚು ಹೇಳಲು ಪದ ಸಾಲಲಿಲ್ಲ.

ಫೆಲ್ಡ್‌ಕಾಂಪ್ ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಅವರ ಮಗಳು ಬಂದು ಕರೆದುಕೊಂಡು ಹೋದಳು. ಮೈಥಿಲಿ ಎರಡು ಲೋಟ ಕಾಫಿ ಹಿಡಿದು ಬಂದಳು.

"ಏನು ಮಾತಾಡ್ತಿದ್ರಿ ಇಬ್ಬರೂ?"

ಜಯದೇವ ಕನ್ನಡದಲ್ಲೇ ಹೇಳಿದ, "ನಿನ್ನ ಮೇಲೆ ನಮ್ಮಿಬ್ಬರಿಗೂ ಇರೋ ಹೊಟ್ಟೆಕಿಚ್ಚಿನ ವಿಷಯ."

ಮೈಥಿಲಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಅವರದು ನನಗೆ ಮೊದಲೇ ಗೊತ್ತಿತ್ತು," ಎಂದಳು. "ಬುಧವಾರ ಬುಧವಾರ ತಪ್ಪು ಹುಡುಕೋಕೇ ಫೋನ್ ಮಾಡ್ತಿದ್ರು. ನಿಮ್ಮದು ತಡವಾಗಿ ತಿಳೀತು." ಇನ್ನೇನೋ ಹೇಳುವವಳಿದ್ದಳು, ಅಷ್ಟರಲ್ಲಿ ಬಾಗಿಲಿನಿಂದ ಯಾರೋ ಕೂಗಿದರು, ಪುಸ್ತಕಕ್ಕೆ ಅವಳ ಸಹಿ ಬೇಕಂತೆ. ತನ್ನ ಲೋಟವನ್ನೂ ಅವನ ಕೈಗೆ ಕೊಟ್ಟು, "ಹಿಡ್ಕೊಂಡಿರಿ, ಬಂದೆ," ಎಂದು ಹೋದಳು.

ಜಯದೇವ ಎರಡೂ ಕೈಯಲ್ಲಿ ಎರಡು ಲೋಟ ಹಿಡಿದು ಕುಳಿತ. ಬಾಗಿಲ ಬಳಿ ಐದಾರು ಜನ ಅವಳನ್ನು ಸುತ್ತಿಕೊಂಡು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಒಳಗಿನ ಕಿಚ್ಚು ಆರಿತ್ತು ಎಂದರೆ ಸುಳ್ಳಾದೀತು. ಇತ್ತು, ಇದ್ದಲ್ಲೇ ಇತ್ತು. ಅವಳು ಏನು ಹೇಳುತ್ತಿದ್ದಾಳೆಂದು ಕೇಳಿಸಿಕೊಳ್ಳಲು ಅವನು ಬೆಂಚಿನ ಈ ತುದಿಯಿಂದ ಆ ತುದಿಗೆ ಸರಿದ.